ಇಪ್ಪತ್ತೆರಡರ ಮೈಲೇಜಿಗೆ ಮನಸೋಲುವ ಮುನ್ನ

ಹೋದ ತಿಂಗಳು ಈ ಅಂಕಣದಲ್ಲಿ ಮನೆಖರ್ಚಿನ ಲೆಕ್ಕ ಬರೆಯುತ್ತಾ, ನಡುವೆ ಎಲ್ಲೋ ಒಂದು ಸಾಲು ಹಾಕಿದ್ದೆ: ನಮ್ಮ ಕಾರು ಬೆಂಗಳೂರಿನ ಟ್ರಾಫಿಕ್‌ನಲ್ಲೂ ಲೀಟರಿಗೆ 22 ಕಿಲೋಮೀಟರ್ ಕೊಡುತ್ತೆ ಅಂತ. ಬೇಳೆ, ಎಣ್ಣೆ, ಸ್ಕೂಲ್ ಫೀಸ್ ಬಗ್ಗೆ ನಾನು ಬರೆದದ್ದನ್ನೆಲ್ಲ ಬಿಟ್ಟು ನೀವು ಹಿಡಿದದ್ದು ಆ ಒಂದೇ ಸಾಲನ್ನು. ಯಾವ ಕಾರು, ಎಷ್ಟಾಯ್ತು, ನಾವೂ ತಗೋಬಹುದಾ? ಎಲ್ಲರಿಗಿಂತ ಮೊದಲು ಕೇಳಿದ್ದು ಸಾಗರದಲ್ಲಿರೋ ನನ್ನ ತಂಗಿ. ಪತ್ರ ಬರೆಯಲಿಲ್ಲ, ನೇರ ಫೋನ್ ಮಾಡಿ, "ನಿಂದೇ ಕಾರು ಬುಕ್ ಮಾಡ್ತಿದ್ದೀವಿ ಕಣೆ, ಹೈಬ್ರಿಡ್ಡೇ" ಅಂದಳು. ನಾನು "ಸ್ವಲ್ಪ ತಡಿ" ಅಂದೆ. ಅಲ್ಲಿಂದ ಹದಿನೈದು ದಿನ ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ ಆಯಿತು.

ಆದ್ದರಿಂದ ಈ ಸಲ ಕಾರಿನದೇ ಮಾತು. ನಿಮಗೆ ಹೇಳೋದೂ, ತಂಗಿಗೆ ಹೇಳಿದ್ದೂ ಒಂದೇ.

ಮೊದಲು ಕಾರು ಯಾವುದು ಅಂತ. ಟೊಯೊಟಾದ ಅರ್ಬನ್ ಕ್ರೂಸರ್ ಹೈರೈಡರ್, ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ, ಇವೆರಡೂ ಅವಳಿ ಮಕ್ಕಳು. ಎರಡೂ 2022ರಲ್ಲಿ ಬಂದವು, ಎರಡೂ ತಯಾರಾಗಿದ್ದು ನಮ್ಮ ಬಿಡದಿಯ ಕಾರ್ಖಾನೆಯಲ್ಲಿ. ಮೈಸೂರಿಗೆ ಹೋಗುವಾಗ ತಟ್ಟೆ ಇಡ್ಲಿಗೆ ನಿಲ್ಲಿಸ್ತೀವಲ್ಲ, ಅದೇ ಬಿಡದಿ. ಮೂತಿ ಬೇರೆ, ಹಿಂದಿನ ದೀಪ ಬೇರೆ, ಲಾಂಛನ ಬೇರೆ. ಒಳಗಿನ ಎಂಜಿನ್, ಬ್ಯಾಟರಿ, 2600 ಮಿಲಿಮೀಟರ್ ವೀಲ್‌ಬೇಸ್ ಎಲ್ಲ ಒಂದೇ. ನಮ್ಮ ಮನೆಯಲ್ಲಿರೋದು ಇವುಗಳಲ್ಲಿ ಒಂದು. ಯಾವುದು ಅಂತ ಹೇಳೋದಿಲ್ಲ, ಹೇಳಿದರೆ ಇನ್ನೊಂದರ ಮಾಲೀಕರು ಪತ್ರ ಬರೀತಾರೆ. ಈಚೆಗೆ ಮಾರುತಿಯವರ ವಿಕ್ಟೋರಿಸ್ ಕೂಡ ಇದೇ ಎಂಜಿನ್‌ಗಳ ಜೊತೆ ಬಂದಿದೆ, ಹಾಗಾಗಿ ಎಂಜಿನ್ ಬಗ್ಗೆ ಕೆಳಗೆ ಬರೆದದ್ದು ಅದಕ್ಕೂ ಹೆಚ್ಚುಕಡಿಮೆ ಅನ್ವಯ.

ಶೋರೂಂಗೆ ಹೋಗುವ ಮುಂಚೆ ಒಂದು ಪದದ ಅರ್ಥ ತಿಳ್ಕೊಂಡು ಹೋಗಿ. ಹೈಬ್ರಿಡ್ ಅನ್ನೋ ಪದ ಈ ಕಾರುಗಳಲ್ಲಿ ಎರಡು ಬೇರೆಬೇರೆ ವಸ್ತುಗಳಿಗೆ ಅಂಟಿಕೊಂಡಿದೆ. ಒಂದು, ಮಾರುತಿಯವರು ಸ್ಮಾರ್ಟ್ ಹೈಬ್ರಿಡ್ ಅಂತಲೂ ಟೊಯೊಟಾದವರು ನಿಯೋ ಡ್ರೈವ್ ಅಂತಲೂ ಕರೆಯೋದು. ಇದು 1.5 ಲೀಟರಿನ, ನಾಲ್ಕು ಸಿಲಿಂಡರಿನ, 103 ಅಶ್ವಶಕ್ತಿಯ ಮಾಮೂಲಿ ಪೆಟ್ರೋಲ್ ಎಂಜಿನ್. ಜೊತೆಗೊಂದು ಪುಟ್ಟ ಸಹಾಯಕ ಮೋಟರ್ ಇದೆ, ಆದರೆ ಅದು ತಾನಾಗಿ ಕಾರನ್ನು ಎಳೆಯೋದಿಲ್ಲ. ಇನ್ನೊಂದು ಸ್ಟ್ರಾಂಗ್ ಹೈಬ್ರಿಡ್. ಅದರಲ್ಲಿ ಮೂರು ಸಿಲಿಂಡರಿನ 1.5 ಲೀಟರ್ ಎಂಜಿನ್ ಮತ್ತು 80 ಅಶ್ವಶಕ್ತಿಯ ಮೋಟರ್ ಸೇರಿ ಒಟ್ಟು 116 ಅಶ್ವಶಕ್ತಿ ಕೊಡುತ್ತವೆ. ಇದರಲ್ಲಿ ಮಾತ್ರ ಎಂಜಿನ್ ಮಲಗಿದ್ದರೂ ಕಾರು ಓಡುತ್ತೆ. ಜಾಹೀರಾತಿನಲ್ಲಿ ಕಾಣುವ 27.97ರ ಮೈಲೇಜು ಇದರದು. ಮಾರಾಟದ ಹುಡುಗ "ಹೈಬ್ರಿಡ್ಡೇ ಮೇಡಂ" ಅಂದಾಗ "ಯಾವ ಹೈಬ್ರಿಡ್ಡು ತಮ್ಮಾ?" ಅಂತ ಕೇಳಿ. ನಮ್ಮ ಪಕ್ಕದ ಮನೆಯವರು ಕೇಳಲಿಲ್ಲ. ಮೊದಲನೆಯದನ್ನು ತಗೊಂಡು ಆರು ತಿಂಗಳು ಇಪ್ಪತ್ತೆಂಟಕ್ಕೆ ಕಾದರು.

ನಮ್ಮದು ಸ್ಟ್ರಾಂಗ್. ಇದನ್ನು ಪ್ಲಗ್‌ಗೆ ಹಾಕೋ ಹಾಗಿಲ್ಲ, ಹಾಕೋಕೆ ಜಾಗವೂ ಇಲ್ಲ. ಬ್ಯಾಟರಿ ಒಂದು ಯೂನಿಟ್‌ಗಿಂತ ಕಡಿಮೆ ಕರೆಂಟ್ ಹಿಡಿಯುವಷ್ಟು ಚಿಕ್ಕದು, 0.76 ಯೂನಿಟ್. ಮನೆಯ ಇಸ್ತ್ರಿಪೆಟ್ಟಿಗೆ ಬಿಡದೆ ಒಂದು ಗಂಟೆ ಉರಿದರೆ ಮುಗೀತು. ಆದರೆ ಅದು ಖಾಲಿಯಾದಷ್ಟೇ ಬೇಗ ತುಂಬುತ್ತೆ. ಬ್ರೇಕ್ ಒತ್ತಿದಾಗ, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದಾಗ, ಚಕ್ರಗಳೇ ಮೋಟರನ್ನು ತಿರುಗಿಸಿ ಕರೆಂಟ್ ಮಾಡಿ ಅದಕ್ಕೆ ಹಾಕುತ್ತವೆ. ಮಾಮೂಲಿ ಕಾರಿನಲ್ಲಿ ಬ್ರೇಕಿನ ಬಿಸಿಯಾಗಿ ಹಾರಿಹೋಗುವ ಶಕ್ತಿ ಇಲ್ಲಿ ಡಬ್ಬಿಗೆ ಬೀಳುತ್ತೆ. ಅಂದರೆ ನಿಂತು ನಿಂತು ಹೋಗುವವರಿಗೆ ಲಾಭ. ನಾನು ಬನಶಂಕರಿಯಿಂದ ಬೆಳ್ಳಂದೂರಿಗೆ ಸಿಲ್ಕ್ ಬೋರ್ಡ್ ದಾಟಿ ಹೋಗಿ ಬರೋಳು. ದಿನಾ ಮೂವತ್ತೆರಡು ಕಿಲೋಮೀಟರ್, ಎರಡೂವರೆ ಗಂಟೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ನಮ್ಮ ಕಾರಿನ ಎಂಜಿನ್ ಆಫ್ ಆಗಿರುತ್ತೆ. ಸಿಗ್ನಲ್‌ನಲ್ಲಿ ಎಸಿ ಓಡ್ತಾ ಇರುತ್ತೆ, ಎಂಜಿನ್ ಇರೋದಿಲ್ಲ. ಆ ನಿಶ್ಶಬ್ದದ ಬೆಲೆಯನ್ನು ನಾನು ಲೆಕ್ಕದಲ್ಲಿ ಸೇರಿಸಿಲ್ಲ, ಆದರೆ ಸಂಜೆ ಮನೆಗೆ ಬಂದಾಗ ತಲೆನೋವು ಕಡಿಮೆಯಾಗಿರೋದು ನಿಜ.

ಇನ್ನು ಲೆಕ್ಕ. ನಾವು ವರ್ಷಕ್ಕೆ ಸುಮಾರು 13,000 ಕಿಲೋಮೀಟರ್ ಓಡಿಸ್ತೀವಿ, ಹೆಚ್ಚಿನದು ಊರೊಳಗೆ. ನಮ್ಮ ಟ್ರಾಫಿಕ್‌ನಲ್ಲಿ ಮಾಮೂಲಿ ಪೆಟ್ರೋಲ್ ಆಟೋಮ್ಯಾಟಿಕ್ 12 ಕೊಟ್ಟರೆ ಪುಣ್ಯ. ಅದಕ್ಕೆ 1,083 ಲೀಟರ್ ಬೇಕು. ನಮ್ಮದು 22ರ ಲೆಕ್ಕದಲ್ಲಿ 591 ಲೀಟರ್ ಕುಡಿಯುತ್ತೆ. ಲೀಟರಿಗೆ 103 ರೂಪಾಯಿ ಹಿಡಿದರೆ ವರ್ಷಕ್ಕೆ ಐವತ್ತು ಸಾವಿರ ಉಳಿತಾಯ. ನಾವು ತಗೊಂಡಾಗ ಎರಡು ಮಾದರಿಗಳ ಆನ್-ರೋಡ್ ಬೆಲೆಯ ಅಂತರ ಮೂರೂವರೆ ಲಕ್ಷದ ಹತ್ತಿರ ಇತ್ತು. ಏಳು ವರ್ಷಕ್ಕೆ ಸರಿಹೋಗುತ್ತೆ. ಹೈಬ್ರಿಡ್ ಬ್ಯಾಟರಿಗೆ ಎರಡೂ ಕಂಪನಿಯವರು ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡ್ತಾರೆ. ಹಿಂದಿನ ಕಾರನ್ನು ಹನ್ನೆರಡು ವರ್ಷ ಇಟ್ಟುಕೊಂಡ ಮನೆ ನಮ್ಮದು. ಏಳು ವರ್ಷ ಕಾಯೋಕೆ ತೊಂದರೆ ಇಲ್ಲ, ತಗೊಂಡ್ವಿ. ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಓಡಿಸೋ ನಿವೃತ್ತ ದಂಪತಿ ಆಗಿದ್ದರೆ ಇದೇ ಬೆಂಗಳೂರಲ್ಲೂ ತಗೊಳ್ತಿರಲಿಲ್ಲ.

ತಂಗಿ ಕೇಳಿದ್ದು ಇಷ್ಟೇ: "ನಿಂಗೆ ಇಪ್ಪತ್ತೆರಡು ಬಂದ್ರೆ ನಂಗೆ ಯಾಕೆ ಬರಲ್ಲ? ನಮ್ಮೂರಲ್ಲಿ ಟ್ರಾಫಿಕ್ಕೇ ಇಲ್ಲ, ಇನ್ನೂ ಜಾಸ್ತೀನೇ ಬರ್ಬೇಕು." ಎಲ್ಲರಿಗೂ ಹಾಗೇ ಅನ್ನಿಸೋದು. ಜೀವನಪೂರ್ತಿ ನಾವು ಕಲಿತದ್ದು ಊರೊಳಗೆ ಮೈಲೇಜ್ ಕಡಿಮೆ, ಹೈವೇಯಲ್ಲಿ ಜಾಸ್ತಿ ಅಂತ. ಈ ಕಾರಲ್ಲಿ ಅದು ತಲೆಕೆಳಗು.

ಫೋನಿನಲ್ಲಿ ವಾದ ಮಾಡೋದಕ್ಕಿಂತ ಕಾರು ತಗೊಂಡೇ ಹೋಗೋಣ ಅಂತ ಒಂದು ಶುಕ್ರವಾರ ಹೊರಟೆ. ತುಮಕೂರು, ಅರಸೀಕೆರೆ, ಕಡೂರು, ಶಿವಮೊಗ್ಗ ದಾಟಿ ಸಾಗರ. ನೂರರ ಆಸುಪಾಸಿನ ವೇಗದಲ್ಲಿ ಕಾರಿನ ಪರದೆ ತೋರಿಸಿದ್ದು 19. ಒಂದೇ ವೇಗದಲ್ಲಿ ಹೋಗುವಾಗ ಬ್ರೇಕ್ ಒತ್ತೋದೇ ಅಪರೂಪ, ಡಬ್ಬಿಗೆ ಬೀಳೋದೂ ಅಪರೂಪ. ಎಂಜಿನ್ನೇ ದುಡಿಯಬೇಕು. ಅದೇ ದಾರಿಯಲ್ಲಿ, ಅದೇ ವೇಗದಲ್ಲಿ, ಹೈಬ್ರಿಡ್ ಅಲ್ಲದ ಮ್ಯಾನ್ಯುಯಲ್ ಕಾರಿಗೆ 17 ಬರುತ್ತೆ ಅಂತ ನಮ್ಮ ಕಚೇರಿಯ ಗೆಳತಿ ಹೇಳ್ತಾಳೆ. ಅವಳದ್ದು ಇದೇ ಕಾರಿನ ಇನ್ನೊಂದು ರೂಪ, ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗೋಳು, ಪೆಟ್ರೋಲ್ ಬಿಲ್ ಜೋಡಿಸಿಟ್ಟುಕೊಳ್ಳೋ ಜಾತಿ. 19ಕ್ಕೂ 17ಕ್ಕೂ ಮೂರೂವರೆ ಲಕ್ಷದ ಅಂತರ ಇಲ್ಲ.

ಮಾರನೆ ದಿನ ಅಮ್ಮನನ್ನು ಫಿಸಿಯೋಥೆರಪಿಗೆ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಬೇಕಿತ್ತು. ಅಮ್ಮ ತಂಗಿಯ ಮನೆಯಲ್ಲೇ ಇರೋದು. ಹೋದ ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದಿತ್ತು, ಆಪರೇಷನ್ ಆಯಿತು. ಮನೆಯೊಳಗೆ ವಾಕರ್ ಹಿಡಿದು ಓಡಾಡ್ತಾಳೆ, ಆಸ್ಪತ್ರೆಯ ಉದ್ದನೆ ಕಾರಿಡಾರಿಗೆ ವೀಲ್‌ಚೇರ್ ಬೇಕು. ತಂಗಿ ಮನೆಯ ಹಳೇ ಚಿಕ್ಕ ಕಾರಿನಲ್ಲಿ ಕೂರೋದು ಅಂದರೆ ಬಾವಿಗೆ ಇಳಿದ ಹಾಗೆ, ಅಷ್ಟು ತಗ್ಗು. ಎದ್ದೇಳೋಕೆ ಇಬ್ಬರು ಎತ್ತಬೇಕು. ಎತ್ತರದ ಕಾರು ಬೇಕು ಅಂತ ಅವರು ಹುಡುಕೋಕೆ ಶುರುಮಾಡಿದ್ದೇ ಅಮ್ಮನಿಗಾಗಿ. ಮೈಲೇಜು ಆಮೇಲೆ ಬಂದದ್ದು, ಅದೂ ನನ್ನಿಂದ.

ಕೂರೋ ವಿಷಯದಲ್ಲಿ ಕಾರು ಪಾಸಾಯಿತು. ಸೀಟು ಅಮ್ಮನ ಸೊಂಟದ ಮಟ್ಟಕ್ಕೇ ಇದೆ. ಬೆನ್ನು ತಿರುಗಿಸಿ ಕೂತು, ಆಮೇಲೆ ಒಂದೊಂದೇ ಕಾಲು ಒಳಗೆ ಎಳ್ಕೊಂಡಳು. ಯಾರೂ ಎತ್ತಲಿಲ್ಲ. ಸ್ಟಾರ್ಟ್ ಮಾಡಿದಾಗ ಸದ್ದೇ ಬರಲಿಲ್ಲವಲ್ಲ, "ಚಾಲೂ ಆಗ್ಲಿಲ್ವೇನೇ?" ಅಂದಳು. ಗಾಡಿ ಹೊರಟಾಗ ಕಂಬ ಹಿಂದಕ್ಕೆ ಹೋಗ್ತಿದೆ ಅಂದ್ಕೊಂಡು ಬಾಗಿಲಿನ ಹಿಡಿ ಗಟ್ಟಿ ಹಿಡ್ಕೊಂಡಳು. ತಂಗಿ ನನ್ನ ಕಡೆ ನೋಡಿದ ನೋಟ ಹೇಗಿತ್ತು ಅಂದರೆ, ನೋಡು, ಅಮ್ಮನಿಗೂ ಹಿಡಿಸ್ತು ಅನ್ನೋ ಹಾಗಿತ್ತು.

ಅದಕ್ಕೆ ಮುಂಚೆ ನಡೆದದ್ದನ್ನು ಇಬ್ಬರೂ ಮಾತಾಡಿರಲಿಲ್ಲ. ಸ್ಟ್ರಾಂಗ್ ಹೈಬ್ರಿಡ್‌ನ ಬ್ಯಾಟರಿ ಇರೋದು ಡಿಕ್ಕಿಯ ಕೆಳಗೆ. ಅದಕ್ಕೆ ಡಿಕ್ಕಿಯ ನೆಲ ಎತ್ತರಿಸಿದ್ದಾರೆ. ಮಾಮೂಲಿ ಮಾದರಿಯಲ್ಲಿ 373 ಲೀಟರ್ ಇರೋ ಜಾಗ ಇದರಲ್ಲಿ ಸುಮಾರು 265 ಲೀಟರ್. ಕಾಗದದಲ್ಲಿ ಇದು ಬರೀ ಸಂಖ್ಯೆ, ನಾನೂ ಮೂರು ವರ್ಷದಿಂದ ತಲೆ ಕೆಡಿಸ್ಕೊಂಡಿರಲಿಲ್ಲ. ತರಕಾರಿ ಚೀಲ, ಮಗಳ ಬ್ಯಾಡ್ಮಿಂಟನ್ ಬ್ಯಾಗು, ಎರಡು ಸೂಟ್‌ಕೇಸು, ಇಷ್ಟೇ ನಮ್ಮದು. ಆವತ್ತು ಮಡಚಿದ ವೀಲ್‌ಚೇರನ್ನು ಉದ್ದಕ್ಕಿಟ್ಟೆವು, ಅಡ್ಡಕ್ಕಿಟ್ಟೆವು, ಪಾರ್ಸೆಲ್ ಹಲಗೆ ತೆಗೆದು ನಿಲ್ಲಿಸಿ ನೋಡಿದೆವು. ಹಿಂದಿನ ದೊಡ್ಡ ಚಕ್ರ ಬಾಗಿಲಿಗೆ ತಾಗುತ್ತಲೇ ಇತ್ತು. ಕೊನೆಗೆ ಹಿಂದಿನ ಸೀಟಿನ ಒಂದು ಭಾಗ ಮಡಚಿ ಅಲ್ಲಿವರೆಗೂ ಚಾಚಿ ಮಲಗಿಸಿದ್ದಾಯಿತು. ಉಳಿದ ಜಾಗದಲ್ಲಿ ತಂಗಿ ಕೂತಳು, ಪಕ್ಕೆಗೆ ವೀಲ್‌ಚೇರಿನ ಪಾದದ ಹಲಗೆ ಚುಚ್ಚಿಸ್ಕೊಂಡು. ಅವಳ ಯಜಮಾನರಿಗೆ ಜಾಗ ಇರಲಿಲ್ಲ, ಮನೆಯಲ್ಲೇ ಉಳಿದರು. ಆನಂದಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ತಂಗಿ ಇಳಿದು ಸೊಂಟ ಒತ್ಕೊಂಡಳು. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ವಾಪಸ್ ಬಂದ ರಾತ್ರಿ ಊಟ ಆದಮೇಲೆ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆವು. ವಾರಕ್ಕೊಮ್ಮೆ ಶಿವಮೊಗ್ಗ, ವರ್ಷಕ್ಕೆ ಮೂರು ಸಲ ಬೆಂಗಳೂರು, ಉಳಿದದ್ದು ಪೇಟೆ, ಮದುವೆ, ಮುಂಜಿ. ತಿಂಗಳಿಗೆ ಸಾವಿರ ಕಿಲೋಮೀಟರ್, ಬಹುತೇಕ ತೆರೆದ ರಸ್ತೆ. ಅವರಿಗೆ 20 ಬಂತು ಅಂತ ಉದಾರವಾಗಿಯೇ ಹಿಡಿಯೋಣ. ವರ್ಷಕ್ಕೆ 600 ಲೀಟರ್. ಹೈಬ್ರಿಡ್ ಅಲ್ಲದ್ದು 17ರ ಲೆಕ್ಕದಲ್ಲಿ 706 ಲೀಟರ್. ಉಳಿಯೋದು ವರ್ಷಕ್ಕೆ ಹನ್ನೊಂದು ಸಾವಿರ ರೂಪಾಯಿ. ಮೂರೂವರೆ ಲಕ್ಷ ವಾಪಸ್ ಬರೋಕೆ ಮೂವತ್ತೆರಡು ವರ್ಷ. ಅವರು ಆ ಮೂರೂವರೆ ಲಕ್ಷವನ್ನೂ ಸಾಲ ಮಾಡೋರಿದ್ದರು. ಶೇಕಡಾ 9ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ತಿಂಗಳಿಗೆ 5,600 ರೂಪಾಯಿ ಕಂತು, ಆ ಹೆಚ್ಚುವರಿ ಮೊತ್ತಕ್ಕೆ ಮಾತ್ರ. ತಿಂಗಳಿಗೆ ಒಂಬೈನೂರು ಉಳಿಸೋಕೆ 5,600 ಕಟ್ಟೋದು. ಅಡಿಕೆ ಬೆಲೆ ಮೇಲೆ ಹೋದರೂ ಕೆಳಗೆ ಬಂದರೂ ಕಂತು ಮಾತ್ರ ಅಲ್ಲೇ ಇರುತ್ತೆ, ಎಲೆಚುಕ್ಕಿ ರೋಗ ಬಂದ ವರ್ಷವೂ.

ಆಗಲೇ ತಂಗಿ ಸಿಟ್ಟಾದದ್ದು. "ನೀನು ತಗೊಂಡಾಗಿದೆ. ನಮ್ಗೆ ಮಾತ್ರ ಲೆಕ್ಕ ಹೇಳ್ತೀಯ." ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅಕ್ಕ ಬೆಂಗಳೂರಲ್ಲಿ ಸದ್ದಿಲ್ಲದ ಕಾರಲ್ಲಿ ಓಡಾಡೋದು, ಅಮ್ಮನನ್ನು ನೋಡಿಕೊಳ್ಳೋ ತಂಗಿ ಕಡಿಮೆಯದ್ದು ತಗೊಳ್ಳೋದು, ಕೇಳೋಕೆ ಚೆನ್ನಾಗಿರಲ್ಲ. ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕಾರಿನ ತೀರ್ಮಾನದ ಒಳಗೆ ಇಂಥದ್ದು ಇನ್ನೇನೋ ಕೂತಿರುತ್ತೆ ಅಂತ ನನಗೆ ಗೊತ್ತು. ವಿಮರ್ಶೆ ಬರೆಯೋರು ಅದನ್ನು ಬರೆಯಲ್ಲ.

ಸರಿ, ಕಾರಿಗೆ ವಾಪಸ್ ಬರೋಣ. ಓಡಿಸೋಕೆ ಹೇಗಿದೆ? ಊರೊಳಗೆ ಬೆಣ್ಣೆ. ಕ್ಲಚ್ ಇಲ್ಲ, ಗೇರ್ ಬದಲಾಗೋ ಎಳೆತ ಇಲ್ಲ. ಹುಲಿಕಲ್ ಘಾಟಿಯಂಥ ಏರಿನಲ್ಲಿ ತುಂಬು ಕಾರು ಹತ್ತಿಸಿದರೆ ಚಿಕ್ಕ ಬ್ಯಾಟರಿ ಬೇಗ ಬರಿದಾಗಿ, ಮೂರು ಸಿಲಿಂಡರಿನ ಎಂಜಿನ್ ಒಂದೇ ಸಮನೆ ಗೊರಗೊರ ಅನ್ನುತ್ತೆ. ಹತ್ತುತ್ತೆ, ತೊಂದರೆ ಇಲ್ಲ, ಆದರೆ ಹೊಸಬರಿಗೆ ಗಾಬರಿಯಾಗುತ್ತೆ. ಇಳಿಯುವಾಗ ಗೇರ್ ಕೋಲನ್ನು 'ಬಿ'ಗೆ ಹಾಕಿ, ಕಾರು ತಾನೇ ತಡೆದು ಹಿಡ್ಕೊಳ್ಳುತ್ತೆ, ಬ್ರೇಕ್ ಕಾಯೋದಿಲ್ಲ. ಈ ಅಕ್ಷರ ಯಾಕಿದೆ ಅಂತ ಡೆಲಿವರಿ ದಿನ ನಮಗೆ ಯಾರೂ ಹೇಳಿರಲಿಲ್ಲ. ಮೊದಲ ಸಲ ಆಗುಂಬೆ ಇಳಿದು ಬ್ರೇಕ್ ವಾಸನೆ ಬಂದಮೇಲೆ ಪುಸ್ತಕ ಓದಿದ್ದು.

ನೆಲದಿಂದ 210 ಮಿಲಿಮೀಟರ್ ಎತ್ತರ ಇರೋದರಿಂದ ಮಲೆನಾಡಿನ ಮಣ್ಣುರಸ್ತೆಗೆ ಅಂಜಬೇಕಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿಯೂ ಇದೆ, ಆದರೆ ಅದು ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಇಲ್ಲ, ಮಾಮೂಲಿ ಎಂಜಿನ್ ಜೊತೆ ಮಾತ್ರ. ತಂಗಿಯ ಯಜಮಾನರಿಗೆ ಅದರ ಮೇಲೆ ಕಣ್ಣಿತ್ತು. ವರ್ಷಕ್ಕೆ ನಾಲ್ಕು ದಿನ ತೋಟದ ದಾರಿ ಕೆಸರಾಗುತ್ತೆ ನಿಜ, ಆ ನಾಲ್ಕು ದಿನ ಕಾರು ಗೇಟಿನ ಹತ್ರ ನಿಲ್ಲಿಸಿದರೂ ಆಯ್ತಲ್ಲ ಅಂತ ತಂಗಿಯೇ ಹೇಳಿ ಮುಗಿಸಿದಳು.

ಸೀರೆ ಉಡೋರಿಗೆ ಒಂದು ಮಾತು. ಈ ಎತ್ತರದ ಕಾರುಗಳೆಲ್ಲದರಲ್ಲೂ ಬಾಗಿಲ ಹೊಸ್ತಿಲು ಅಗಲ. ಮಳೆಗಾಲದಲ್ಲಿ ಅದರ ಹೊರಅಂಚಿಗೆ ಕೆಸರು ಮೆತ್ತಿರುತ್ತೆ, ಇಳಿಯುವಾಗ ನೆರಿಗೆಗೆ ಪಕ್ಕಾ ತಾಗುತ್ತೆ. ಶೋರೂಮಿನ ಹೊಳಪು ನೆಲದಲ್ಲಿ ಇದು ಗೊತ್ತೇ ಆಗಲ್ಲ. ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಕೂರಬಹುದು, ಆದರೆ ಸಾಗರದವರೆಗೆ ಅಲ್ಲ. ದೊಡ್ಡ ಗಾಜಿನ ಸನ್‌ರೂಫ್ ಇರೋ ಮಾದರಿಯಲ್ಲಿ ಹಿಂದೆ ತಲೆಯ ಜಾಗ ಕಡಿಮೆ ಆಗುತ್ತೆ. ಆರಡಿ ಎತ್ತರದ ನನ್ನ ಮೈದುನನ ತಲೆ ತಾಗುತ್ತೆ. ಮಗಳಿಗೆ ಮೊದಲ ತಿಂಗಳು ಅದೇ ಸಂಭ್ರಮ, ಈಗ ತೆರೆಯೋದೇ ಇಲ್ಲ, ಬಿಸಿಲು ಅಂತ. ಅಡಿಕೆ ಸೋಗೆ ಬೀಳೋ ಅಂಗಳದಲ್ಲಿ ನಿಲ್ಲಿಸೋ ಕಾರಿಗೆ ಗಾಜಿನ ಮಾಳಿಗೆ ಯಾಕೆ ಅಂತ ಅಮ್ಮ ಕೇಳಿದ್ದು ಸರಿಯಾಗೇ ಇತ್ತು.

ತೆರಿಗೆಯನ್ನೂ ಹೇಳಿಬಿಡ್ತೀನಿ. 2025ರ ಸೆಪ್ಟೆಂಬರ್ 22ರಿಂದ ಈ ಗಾತ್ರದ ಕಾರಿಗೆ ಜಿಎಸ್‌ಟಿ ಶೇಕಡಾ 40, ಮೇಲಿನ ಸೆಸ್ ರದ್ದು. ಮೊದಲು ಎಲ್ಲ ಸೇರಿ ಮಾಮೂಲಿ ಪೆಟ್ರೋಲಿಗೆ 45, ಸ್ಟ್ರಾಂಗ್ ಹೈಬ್ರಿಡ್‌ಗೆ 43 ಬೀಳ್ತಿತ್ತು. ಎರಡೂ ಇಳಿದವು, ಆದರೆ ಹೈಬ್ರಿಡ್‌ಗಿದ್ದ ಆ ಎರಡು ಅಂಶದ ರಿಯಾಯಿತಿ ಹೋಯಿತು. ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಈಗ 18. ಮನೆಯಲ್ಲಿ ಮೂರೇ ಜನ ಇದ್ದು, ಹಿಂದಿನ ಸೀಟು ಖಾಲಿಯೇ ಹೋಗೋದಾದರೆ ಆ ಚಿಕ್ಕ ಎಸ್‌ಯುವಿಗಳನ್ನು ಮೊದಲು ನೋಡಿ, ಮುಜುಗರ ಬೇಡ. ನಮ್ಮ ರಾಜ್ಯದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಶೇಕಡಾ 17 ರಸ್ತೆ ತೆರಿಗೆ, ಅದರ ಮೇಲೆ ಸೆಸ್ ಬೇರೆ. ಅಂದರೆ ಕಾಗದದ ಬೆಲೆಯಲ್ಲಿ ಒಂದು ಲಕ್ಷ ಹೆಚ್ಚಿನ ಮಾದರಿ ಆರಿಸಿದರೆ ಕೈಯಿಂದ ಹೋಗೋದು ಒಂದು ಲಕ್ಷದ ಹದಿನೆಂಟು ಸಾವಿರದ ಮೇಲೆ. ಸನ್‌ರೂಫಿಗೂ ರಸ್ತೆ ತೆರಿಗೆ ಕಟ್ತೀರಿ ಅಂತ ಅರ್ಥ.

ಹಾಗಾದರೆ ಬೇರೆ ಯಾವುದು? ಉದ್ದ ದಾರಿ ಹೆಚ್ಚು, ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್ ಅನ್ನೋರಿಗೆ ಹ್ಯುಂಡೈ ಕ್ರೆಟಾ ಮತ್ತು ಕಿಯಾ ಸೆಲ್ಟೋಸ್‌ನಲ್ಲಿ ಇನ್ನೂ 1.5 ಲೀಟರ್ ಡೀಸೆಲ್ ಸಿಗುತ್ತೆ, 116 ಅಶ್ವಶಕ್ತಿ. ಏರಿನಲ್ಲಿ ಅದರ ಎಳೆತದ ಮುಂದೆ ನಮ್ಮದು ಸಪ್ಪೆ. ಓಡಿಸೋ ಖುಷಿ ಬೇಕು ಅನ್ನೋರು ಸ್ಕೋಡಾ ಕುಶಾಕ್, ಫೋಕ್ಸ್‌ವ್ಯಾಗನ್ ಟೈಗುನ್ ನೋಡಬೇಕು. 2022ರ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದವು ಅವು. ಈಗ ನಮ್ಮ ದೇಶದ್ದೇ ಭಾರತ್ ಎನ್‌ಕ್ಯಾಪ್ ಇದೆ, ನೀವು ಆರಿಸೋ ಕಾರಿನ ನಕ್ಷತ್ರ ಎಷ್ಟು ಅಂತ ಬುಕ್ ಮಾಡೋ ಮುಂಚೆ ನೋಡಿ, ಬಣ್ಣ ನೋಡೋ ಮುಂಚೆ. ಹೋಂಡಾ ಎಲಿವೇಟ್ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. ಟರ್ಬೋ ಇಲ್ಲ, ಹೈಬ್ರಿಡ್ ಇಲ್ಲ, ಡೀಸೆಲ್ ಇಲ್ಲ. ಒಂದೇ 1.5 ಲೀಟರ್ ಪೆಟ್ರೋಲ್ ಎಂಜಿನ್, 121 ಅಶ್ವಶಕ್ತಿ. ಆದರೆ ನೆಲದಿಂದ 220 ಮಿಲಿಮೀಟರ್ ಎತ್ತರ, ಡಿಕ್ಕಿ 458 ಲೀಟರ್. ಆ 458ನ್ನು ನಾನು ಗುರುತು ಹಾಕಿ ತಂಗಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಟೆಸ್ಟ್ ಡ್ರೈವ್‌ಗೆ ಹೋದಾಗ ಅವರು ತೋರಿಸೋ ನುಣ್ಣನೆ ರಸ್ತೆಯಲ್ಲಿ ಎರಡು ಸುತ್ತು ಹಾಕಿ ಬರಬೇಡಿ. ಮನೆಯಲ್ಲಿ ಯಾರಿಗೆ ಹತ್ತಿ ಇಳಿಯೋದು ಕಷ್ಟವೋ ಅವರನ್ನು ಕರ್ಕೊಂಡು ಹೋಗಿ. ಡಿಕ್ಕಿಯಲ್ಲಿ ನೀವು ನಿಜವಾಗಿ ಇಡೋ ವಸ್ತುವನ್ನೇ ತಗೊಂಡು ಹೋಗಿ, ಅದು ವೀಲ್‌ಚೇರೋ, ಮಗುವಿನ ತಳ್ಳುಗಾಡಿಯೋ, ಜೇನುಪೆಟ್ಟಿಗೆಯೋ. ನಗ್ತಾರೆ, ನಗಲಿ. ಬೆಲೆಪಟ್ಟಿ ಕೈಗೆ ಬಂದಾಗ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿ. ನಮಗೆ ಕೊಟ್ಟ ಪಟ್ಟಿಯಲ್ಲಿ ಅಗತ್ಯ ಕಿಟ್ ಅಂತ ಒಂದು ಸಾಲಿತ್ತು. ಬಿಚ್ಚಿ ಕೇಳಿದರೆ ನೆಲಹಾಸು, ಕೀಚೈನು, ಒಂದು ಸುಗಂಧದ ಬಾಟಲಿ. ವಿಮೆ ಅಲ್ಲೇ ಮಾಡಿಸಬೇಕು ಅಂದರು. ಬೇಡ ಅಂದಾಗ ಹದಿನೇಳು ಸಾವಿರ ತಾನಾಗಿ ಇಳಿಯಿತು.

ಹದಿನೈದು ದಿನ ಆದಮೇಲೆ, ಹೋದ ಬುಧವಾರ ಮಧ್ಯಾಹ್ನ, ತಂಗಿಯಿಂದ ಮೂರು ಫೋಟೋ ಬಂತು. ಮೊದಲನೆಯದು ಎಲಿವೇಟ್‌ನ ತೆರೆದ ಡಿಕ್ಕಿ, ಒಳಗೆ ವೀಲ್‌ಚೇರ್ ಆರಾಮಾಗಿ ಮಲಗಿದೆ, ಪಕ್ಕದಲ್ಲಿ ವಾಕರ್ ಕೂಡ. ಎರಡನೆಯದು ಡಿಕ್ಕಿ ಮುಚ್ಚಿದ್ದು. ಮೂರನೆಯದರಲ್ಲಿ ಅಮ್ಮ ಮುಂದಿನ ಸೀಟಲ್ಲಿ ಕೂತು ಶೋರೂಮಿನವರು ಕೊಟ್ಟ ಬಿಸ್ಕತ್ತು ತಿಂತಿದ್ದಾಳೆ. ಕೆಳಗೆ ಬರೆದಿದ್ದಳು: "ಮ್ಯಾನ್ಯುಯಲ್. ಅಮ್ಮ ಎರಡು ಸಲ ಹತ್ತಿ ಇಳಿದಳು. ಮೈಲೇಜ್ ಹದಿನಾರಂತೆ, ನಿನ್ನ ಅಂಕಣದಲ್ಲಿ ಅದನ್ನೂ ಬರಿ."

ಬರೆದಿದ್ದೀನಿ. ಈಗ ಜಗಳ ಬಣ್ಣದ್ದು. ಅವಳಿಗೆ ಬಿಳಿ ಬೇಕು, ಮನೆ ಮುಂದಿನ ರಸ್ತೆಯ ಮಣ್ಣು ಕೆಂಪು.